ಹಡಗಿನವರ ಕಥೆಗೆ ಹೂಂಗುಟ್ಟುವವರು ಬೇಕು

ಪಾಸಿಮೇಡು,
ಕಾಂಗೇಯಂ ದಾರಿ.
9 ಫೆಬ್ರವರಿ 2025, ಭಾನುವಾರ

ನನ್ನ ಬೆನ್ನಿಗೆ ಬಿದ್ದ ತಂಗಿ ಚಂದ್ರಾಳಿಗೆ ಅಕ್ಕ ಪಂಕಜಂ ತಲೆ ಸವರಿ ಬರೆಯುವುದು.

ಪೊಂಗಲಿಗೆ ಮೊದಲೇ ಬರಬೇಕಿದ್ದ ಕಾಗದ ಇದು. ತಡವಾಯಿತು, ಬೈದುಕೋ. ಮಗ್ಗದ ಮೇಲೆ ಒಂದು ಮದುವೆ ಸೀರೆ ಇತ್ತು. ಅದು ಇಳಿಯುವ ಹೊತ್ತಿಗೆ ನನ್ನ ಕನ್ನಡಕದ ಕಾಲು ಮುರಿಯಿತು. ಕನ್ನಡಕ ರಿಪೇರಿಯಾಗಿ ಬಂದ ಮೇಲೆ ಕೂತು ನೋಡಿದರೆ, ತಾತ ಮರಳಿನ ಮೇಲೆ ತಿದ್ದಿಸಿದ್ದ ಅಕ್ಷರಗಳಲ್ಲಿ ಅರ್ಧಕ್ಕೆ ನನ್ನ ಗುರುತೇ ಹತ್ತಲಿಲ್ಲ. ಒಂದು ‘ಞ’ ಬರೆಯಲು ಹೋಗಿ ಜಿಲೇಬಿ ಸುತ್ತಿಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಓದುವವರು ನಾವಿಬ್ಬರೇ ಉಳಿದಿರುವುದು. ಅದೂ ಒಳ್ಳೆಯದೇ. ನಿನ್ನ ಮಗಳು ತೆನ್ಮೊಳಿ ಇದನ್ನು ಒಡೆದು ನೋಡಿದರೂ ತಲೆಕೆಳಗೆ ಹಿಡಿದು ನೋಡಿ ನಿನ್ನ ಕೈಗೆ ಕೊಡುತ್ತಾಳೆ. ಹಾಗಾಗಿ ಅವಳ ರಸದ ಬಗ್ಗೆಯೂ ಧೈರ್ಯವಾಗಿ ಬರೆಯಬಹುದು. ಅದು ರಸ ಅಲ್ಲ, ಹುಣಸೆಹಣ್ಣು ತೊಳೆದ ನೀರು. ನೀನು ಅದನ್ನು ಕುಡಿದುಕೊಂಡು ಇಷ್ಟು ದಿನ ಸಿಂಗಾನಲ್ಲೂರಿನಲ್ಲಿ ಕೂತಿದ್ದೀ ಎಂದರೆ ನಿನ್ನ ಹಟ ಎಂಥದ್ದು ಎಂದು ನನಗೆ ಗೊತ್ತಾಗುತ್ತದೆ.

ನಿನ್ನ ಭಾವನ ಮೊಣಕಾಲು ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ. ಕರಿ ಆಡು ಅವಳಿಮರಿ ಹಾಕಿತು. ಇದನ್ನು ಮೆಸೇಜಿನಲ್ಲಿ ತಿಳಿಸಿದರೆ ನೀನು ಕೈಮುಗಿದ ಬೊಂಬೆ ಕಳಿಸಿದೆ. ಊಟ ಆಯಿತಾ ಎಂದು ಕೇಳಿದರೂ ಕೈಮುಗಿದ ಬೊಂಬೆ, ಬರಲಾ ಎಂದರೂ ಕೈಮುಗಿದ ಬೊಂಬೆ. ಆಡಿಗೆಲ್ಲ ಯಾಕೆ ಕೈಮುಗಿಯುತ್ತೀ ಚಂದ್ರಾ? ಗಂಟಲಿನ ಆಪರೇಷನ್ ಆಗಿ ಸ್ವರ ಹೋಯಿತು, ಸರಿ. ಆಡಿ ಮಾಸದಿಂದ ಈ ಆರು ತಿಂಗಳು ಫೋನಿನಲ್ಲಿ ಮಾತಿಲ್ಲ, ಅದೂ ಸರಿ. ಆದರೆ ಪೊಂಗಲ್ ಮಾರನೆಯ ದಿನ ನಾನು ಬಸ್ಸು ಬದಲಾಯಿಸಿ, ಕಬ್ಬಿನ ಜಲ್ಲೆ ಹೊತ್ತುಕೊಂಡು ಬಂದಾಗ ತೆನ್ಮೊಳಿ, “ಅಮ್ಮ ಮಲಗಿದ್ದಾರೆ ಪೆರಿಯಮ್ಮಾ” ಅಂದಳು. ನಿನ್ನ ಕೋಣೆಯ ಬಾಗಿಲ ಕೆಳಗಿನ ಸಂದಿನಲ್ಲಿ ನಿನ್ನ ಎರಡು ಪಾದ ನನಗೆ ಕಂಡವು. ಮಲಗಿದವರ ಪಾದ ನೆಲದ ಮೇಲೆ ನಿಂತಿರುವುದಿಲ್ಲ. ನಾನು ಕಬ್ಬು ಒರಗಿಸಿಟ್ಟು ಬಂದೆ.

ಈಗ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಈ ತಿಂಗಳ ಕೊನೆಗೆ ಕೊಚ್ಚಿಗೆ ಒಂದು ಹಡಗು ಬರುತ್ತದೆ. ಆ ಹಡಗಿನವರು ಪಾಸಿಮೇಡಿಗೆ ಬರುವ ದಿನ ನೀನೂ ಬಂದು ನನ್ನ ಎದುರಿಗೆ ಕೂರಬೇಕು. ನಾನು ಕಥೆ ಹೇಳಬೇಕು, ನೀನು ಹೂಂಗುಟ್ಟಬೇಕು. ಹುಚ್ಚು ಹಿಡಿಯಿತಾ ಇವಳಿಗೆ ಅನ್ನಬೇಡ. ಪೂರ್ತಿ ಓದು, ಆಮೇಲೆ ಅನ್ನು.

ದೀಪಾವಳಿ ಮುಗಿದ ಮೇಲೆ ಗೋಕಿಲಾ ಅಂತ ಒಬ್ಬಳು ಬಂದಳು. ನಮ್ಮ ಕಡೆಯ ಹುಡುಗಿಯೇ, ಮನೆಯಲ್ಲಿ ಕನ್ನಡ, ಆದರೂ ಅಜ್ಜಿಗೆ ಪಾಟಿ ಅನ್ನುತ್ತಾಳೆ. ಆಫೀಸು ಪೀಳಮೇಡಿನಲ್ಲಿ. ಅವಳು ಹೇಳಿದ್ದು ಇಷ್ಟು: “ಪಾಟಿ, ಹಡಗಲ್ಲಿ ಲೋಕ ಸುತ್ತುವವರು ಇರ್ತಾರೆ. ಕೊಚ್ಚಿಯಲ್ಲಿ ಹಡಗು ಎರಡು ದಿನ ನಿಲ್ಲತ್ತೆ. ಎಲ್ಲಾರೂ ದೋಣಿ, ತೆಂಗಿನಮರ ನೋಡಕ್ಕೆ ಹೋಗ್ತಾರೆ. ಅದರಲ್ಲಿ ಕೆಲವರಿಗೆ ಹಳೇ ಕಲ್ಲಿನ ಹುಚ್ಚು. ಅಂಥವರನ್ನ ನಾವು ಪ್ರೈವೇಟಾಗಿ ವ್ಯಾನಲ್ಲಿ ಇಲ್ಲಿಗೆ ಕರ್ಕೊಂಡು ಬರ್ತೀವಿ. ಕಲ್ಲಿನ ವಿಷಯ ನಾನು ಹೇಳ್ತೀನಿ. ಆಮೇಲೆ ಊರಿನವರು ಒಬ್ಬರು ಒಂದು ಕಥೆ ಹೇಳ್ಬೇಕು. ಎಲ್ಲಾರೂ ನಿಮ್ಮ ಹೆಸರೇ ಹೇಳಿದ್ರು.”

ಎಂಥ ಕಲ್ಲು ಅಂತೀಯಾ? ನಮ್ಮ ಮೇಡಿನ ದಿಬ್ಬದ ಮೇಲಿನ ಕಲ್ಲೇ ಕಣೇ! ನಾವು ಆಡು ಕಟ್ಟುತ್ತಿದ್ದ ಆ ಕಂಬಗಳು, ಸೂರಿಲ್ಲದ ಮಂಟಪ, ಸತ್ತವರನ್ನು ಹೂಳಿ ಸುತ್ತ ಇಟ್ಟ ಗುಂಡುಕಲ್ಲುಗಳು. ಸರ್ಕಾರದವರು ಅಗೆದು ತಂತಿಬೇಲಿ ಹಾಕಿದರಲ್ಲ, ಅದಾದ ಮೇಲೆ ಅದಕ್ಕೆ ಮರ್ಯಾದೆ ಬಂದಿದೆ. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಹಸಿರು ಕಲ್ಲಿನ ಮಣಿ ಕೊರೆದು, ಎತ್ತಿನ ಮೇಲೆ ಹೇರಿ, ಪಾಲಕ್ಕಾಡಿನ ಕಣಿವೆ ದಾಟಿಸಿ ಸಮುದ್ರದಾಚೆಗೆ ಕಳಿಸುತ್ತಿದ್ದರಂತೆ. ಮಳೆ ಬಂದ ಮೇಲೆ ನಾವು ಆರಿಸಿ ಲಂಗದಲ್ಲಿ ತುಂಬಿಕೊಳ್ಳುತ್ತಿದ್ದ ಪಾಸಿಮಣಿ ಅವೇ.

ನಾನು ಒಪ್ಪಿಕೊಂಡೆ. ಕಥೆ ಹೇಳು ಎಂದು ಕೇಳಿದವರಿಗೆ ನಾನು ಯಾವಾಗ ಇಲ್ಲ ಅಂದಿದ್ದೇನೆ?

ಮೊದಲ ವ್ಯಾನು ಬಂದ ದಿನ ಬೀದಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಟೀ ಅಂಗಡಿ ಕಣ್ಣಮ್ಮ ಗೋಕಿಲಾಳನ್ನು ತಡೆದು, “ಅಮ್ಮಿಣಿ, ಹಡಗಿನವರು ಅಂದ್ರಲ್ಲ, ಹಡಗು ಎಲ್ಲಿ ನಿಲ್ಸಿದ್ದಾರೆ? ಉಕ್ಕಡಂ ಕೆರೆಯಲ್ಲಿಯಾ?” ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ಚೆನ್ನಿಯಪ್ಪನ್, “ಅಲ್ಲೇ ಇರಬೇಕು. ಮೀನು ಮಾರ್ಕೆಟ್ಟೂ ಹತ್ತಿರ, ಅವರಿಗೆ ಅನುಕೂಲ” ಎಂದ. ಆ ಮಾತು ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿ, ಉಕ್ಕಡಂ ಕೆರೆಗೆ ಹಡಗು ಬಂದಿದೆ ಎಂದು ನನಗೇ ಬಂದು ಹೇಳಿದರು.

ಇಳಿದವರು ನಮ್ಮ ವಯಸ್ಸಿನವರೇ. ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಮೊರದಷ್ಟು ಟೋಪಿ. ಗೋಕಿಲಾ ಗುಂಡಿ ತೋರಿಸಿದಳು, ಮಣಿ ಸುಟ್ಟ ಒಲೆ ತೋರಿಸಿದಳು, ಚೆನ್ನಾಗಿಯೇ ಹೇಳಿದಳು. ಆಮೇಲೆ ನನ್ನನ್ನು ಮಂಟಪದ ಮೆಟ್ಟಿಲ ಮೇಲೆ ಕೂರಿಸಿ, ಅವರನ್ನು ಎದುರಿಗೆ ಕೂರಿಸಿ, “ಶುರು ಮಾಡಿ ಪಾಟಿ” ಅಂದಳು.

ನಾನು ಗಂಟಲು ಸರಿಮಾಡಿಕೊಂಡು, “ಒಂದೂರಿನಲ್ಲಿ ಒಬ್ಬ ಮಣಿಗಾರ ಇದ್ದ” ಎಂದೆ. ಗೋಕಿಲಾ ಇಂಗ್ಲಿಷಿನಲ್ಲಿ ಹೇಳಿದಳು. ಸದ್ದಿಲ್ಲ.

“ಅವನಿಗೆ ಏಳು ಜನ ಹೆಂಡಿರು” ಎಂದೆ. ಗೋಕಿಲಾ ನನ್ನ ಕಿವಿಯ ಹತ್ತಿರ ಬಗ್ಗಿ, “ಪಾಟಿ, ಏಳು ಹೆಂಡಿರಿಗೆ ಇಲ್ಲಿ ಯಾವ ಆಧಾರಾನೂ ಸಿಕ್ಕಿಲ್ಲ” ಅಂದಳು. “ಏಳು ಹೆಂಡಿರು ಇದ್ದವನಿಗೆ ಆಧಾರ ಎಲ್ಲಿಂದ ಬಂತು, ಹೇಳಮ್ಮಿಣಿ” ಎಂದೆ. ಹೇಳಿದಳು. ಆಗಲೂ ಸದ್ದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಒಂದು ಹೂಂ ಇಲ್ಲ, ಒಂದು ಉಹೂಂ ಇಲ್ಲ.

ಹೂಂ ಇಲ್ಲದಿದ್ದರೆ ನನಗೆ ಮುಂದಿನ ಮಾತು ಬರುವುದೇ ಇಲ್ಲ, ನಿನಗೆ ಗೊತ್ತಲ್ಲ. ಅಜ್ಜಿ ಏನು ಹೇಳುತ್ತಿದ್ದಳು? ಹೂಂ ಅನ್ನುವವರಿಲ್ಲದೆ ಹೇಳಿದ ಕಥೆಯನ್ನು ದೆವ್ವ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡು ಮನೆಗೆ ಬರುತ್ತದೆ. ನಾನು ಕೂತಿದ್ದದ್ದು ಎಲ್ಲಿ? ಸುತ್ತಮುತ್ತ ಬರೀ ಗೋರಿಕಲ್ಲು! ಹಡಗಿನವರು ಸಂಜೆಗೆ ವ್ಯಾನು ಹತ್ತಿ ಹೋಗುತ್ತಾರೆ, ದೆವ್ವಗಳ ಜೊತೆ ಇರಬೇಕಾದವಳು ನಾನು. ಅವರು ಹೂಂ ಅನ್ನಲಿ ಎಂದು ಬಾಯಿ ಮುಚ್ಚಿ ಕಾದೆ.

ಅವರೂ ಕಾದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇದೇನೋ ಪೂಜೆಯ ಭಾಗ ಅಂದುಕೊಂಡರೋ ಏನೋ, ಬಿಳಿ ಮೀಸೆಯವನೊಬ್ಬ ಟೋಪಿ ತೆಗೆದು ಕಣ್ಣು ಮುಚ್ಚಿದ. ಅವನನ್ನು ನೋಡಿ ಅವನ ಹೆಂಡತಿ ಮುಚ್ಚಿದಳು. ಆಮೇಲೆ ಎಲ್ಲರೂ ಟೋಪಿ ತೆಗೆದು, ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ಕೂತುಬಿಟ್ಟರು. ಬೇಲಿಯ ಆಚೆ ಆಡು ಕೂಗಿತು. ಮೀಸೆಯವನ ಕೆನ್ನೆಯ ಮೇಲೆ ನೀರು ಇಳಿಯಿತು. “ಪಾಟಿ, ಏನಾಯ್ತು?” ಎಂದು ಗೋಕಿಲಾ ಪಿಸುಗುಟ್ಟಿದಳು. “ಹೂಂ ಅನ್ನೋಕೆ ಹೇಳೇ” ಎಂದು ನಾನು ಪಿಸುಗುಟ್ಟಿದೆ. ಅವಳಿಗೆ ಏನೂ ಅರ್ಥವಾಗದೆ ಅವಳೂ ಕಣ್ಣು ಮುಚ್ಚಿದಳು. ಕೊನೆಗೆ ವ್ಯಾನು ಡ್ರೈವರ್ ದಂಡಪಾಣಿ ಹಾರನ್ ಹೊಡೆದ ಮೇಲೆಯೇ ಎಲ್ಲರೂ ಎದ್ದದ್ದು. ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದುಕೊಂಡು ಹೋದರು.

ಸರಿ, ನನ್ನನ್ನು ಇನ್ನು ಕರೆಯುವುದಿಲ್ಲ ಅಂದುಕೊಂಡೆ. ವಾರ ಕಳೆಯುವ ಮೊದಲೇ ಗೋಕಿಲಾ ಓಡಿಬಂದಳು. ಅವರು ಹಡಗಿನಲ್ಲಿ ಕೂತು ಬರೆದದ್ದನ್ನು ಫೋನಿನಲ್ಲಿ ಓದಿದಳು: “ಎಷ್ಟೋ ದೇಶದ ಅವಶೇಷಗಳನ್ನು ನೋಡಿದ್ದೇವೆ. ಎಲ್ಲ ಕಡೆಯೂ ಮಾತು, ಮಾತು. ಇಲ್ಲಿ ಮಾತ್ರ ಒಬ್ಬ ವೃದ್ಧ ತಾಯಿ ಒಂದಕ್ಷರ ಹೇಳದೆ ಕಾಲವನ್ನೇ ನಮ್ಮ ಎದುರಿಗೆ ಇಟ್ಟರು.” ಆಫೀಸಿನ ಯಜಮಾನ ಸರವಣಕುಮಾರ್‌ಗೆ ಕುಣಿಯುವಷ್ಟು ಖುಷಿಯಂತೆ. ನನ್ನ ಫೋಟೋ ಹಾಕಿ ‘ಮೌನದ ಅಜ್ಜಿ’ ಎಂದು ಜಾಹೀರಾತು ಮಾಡುತ್ತಾರಂತೆ. ಇನ್ನು ಮುಂದೆ ನಾನು ಬಂದು ಸುಮ್ಮನೆ ಕೂತರೆ ಸಾಕಂತೆ.

ನಿನ್ನ ಭಾವ ಆ ದಿನ ನಕ್ಕದ್ದನ್ನು ನೀನು ನೋಡಬೇಕಿತ್ತು. ಊಟದ ತಟ್ಟೆ ಪಕ್ಕಕ್ಕಿಟ್ಟು ನಕ್ಕರು. “ಮದುವೆಯಾದ ದಿನದಿಂದ ನಾನು ಹುಡುಕ್ತಾ ಇರೋ ಹೆಂಗಸು ಹಡಗಿನವರಿಗೆ ಒಂದೇ ದಿನಕ್ಕೆ ಸಿಕ್ಕಿಬಿಟ್ಟಳಲ್ಲಾ! ಯಾವ ಕಡೆಯಿಂದ ನೋಡಿದ್ರೆ ಕಾಣ್ತಾಳೆ ಅಂತ ಕೇಳಿ ಹೇಳು ಅಮ್ಮಿಣಿ” ಎಂದು ಗೋಕಿಲಾಳಿಗೆ ಅಂದರು.

ನನಗೆ ನಗು ಬರಲಿಲ್ಲ. ಕಥೆ ಹೇಳು ಎಂದು ಕರೆದು ಬಾಯಿ ಮುಚ್ಚಿಕೊಂಡಿರು ಎಂದರೆ ಹೇಗೆ? ಆಗದು ಎಂದೆ. ಹೂಂಗುಟ್ಟುವವರನ್ನು ಕೊಡಿ, ಆಮೇಲೆ ನೋಡಿ ನನ್ನ ಕಥೆಯನ್ನು, ಎಂದೆ. ಗೋಕಿಲಾ ಪಾಪ ಒಳ್ಳೆಯವಳು. ಯೋಚನೆ ಮಾಡಿ, ಎರಡನೆಯ ಹಡಗು ಬಂದಾಗ ದಂಡಪಾಣಿಯನ್ನೇ ನನ್ನ ಎದುರಿಗೆ ಕೂರಿಸಿದಳು. “ಅಣ್ಣಾ, ಪಾಟಿ ನಿಲ್ಲಿಸಿದಾಗಲೆಲ್ಲಾ ಹೂಂ ಅನ್ನಿ, ಅಷ್ಟೇ.” “ಸರಿಂಗ, ಅದೇನು ದೊಡ್ಡ ವಿಷಯ?” ಎಂದ.

ಚಂದ್ರಾ, ನಿನ್ನ ಮೇಲೆ ಆಣೆ, ಅವನ ಹೂಂ ಬಹಳ ಚೆನ್ನಾಗಿತ್ತು. ಎಳೆದು ಅನ್ನಬೇಕಾದಲ್ಲಿ ಎಳೆದ, ಮೊಟಕು ಮಾಡಬೇಕಾದಲ್ಲಿ ಮೊಟಕು ಮಾಡಿದ. ನನಗೆ ಹುರುಪು ಬಂತು. ಆರು ಹೆಂಡಿರನ್ನು ಒಂದೇ ಉಸಿರಿಗೆ ದಾಟಿಸಿ ಏಳನೆಯವಳ ಹತ್ತಿರ ಬಂದೆ. ಅವಳ ಕೂದಲು, ಅವಳ ಹೆಜ್ಜೆ, ಅವಳ ಕತ್ತಿನ ಹಸಿರು ಮಣಿ ಎಲ್ಲ ವರ್ಣಿಸಿ, “ಅಂಥವಳನ್ನು ಮಣಿಗಾರ ಏನು ಮಾಡಿದ?” ಎಂದು ನಿಲ್ಲಿಸಿದೆ.

ದಂಡಪಾಣಿ, “ಹೂಂ… ಹಾಲು ಬತ್ತಿಹೋದ ಮೇಲೆ ಇಟ್ಕೊಂಡು ಏನ್ ಮಾಡ್ತೀರಿ, ಮಾರಿಬಿಡಿ ಮಚ್ಚಾನ್” ಅಂದ.

ಅವನ ಕಿವಿಯೊಳಗೆ ಬೆರಳುಗುರಿನಷ್ಟು ಫೋನಿನ ಬಿಳಿ ಯಂತ್ರ ಇತ್ತು. ಮೊದಲಿನಿಂದ ಕೊನೆಯವರೆಗೂ ಊರಿನಲ್ಲಿರುವ ಭಾವಮೈದುನನ ಜೊತೆ ಎಮ್ಮೆಯ ವ್ಯಾಪಾರ ಮಾತಾಡಿಕೊಂಡೇ ಹೂಂಗುಟ್ಟಿದ್ದ. ಗೋಕಿಲಾ ಆ ಹೊತ್ತಿಗೆ ನನ್ನ ಕಥೆಯ ಗುಂಗಿನಲ್ಲಿದ್ದಳೋ ಏನೋ, ಅದನ್ನೂ ಇಂಗ್ಲಿಷಿಗೆ ಮಾಡಿ ಹೇಳಿಬಿಟ್ಟಳು. ಕೆಂಪು ಟೋಪಿಯ ಹೆಂಗಸು ಎದ್ದು ನಿಂತು, ಆ ಕಾಲದಲ್ಲಿ ಹೆಂಡತಿಯರನ್ನು ಮಾರುತ್ತಿದ್ದರಾ ಎಂದು ಕಣ್ಣು ಕೆಂಪಗೆ ಮಾಡಿ ಕೇಳಿದಳು. ಅದು ಎಮ್ಮೆ ಎಂದು ಒಪ್ಪಿಸುವುದರಲ್ಲಿ ಮಧ್ಯಾಹ್ನ ಮುಗಿಯಿತು. ಒಪ್ಪಿದ ಮೇಲೆ ಅವಳು, “ಎಮ್ಮೆಯನ್ನಾದರೂ ಯಾಕೆ ಮಾರಬೇಕು?” ಎಂದು ದಂಡಪಾಣಿಯ ಹತ್ತಿರ ಜಗಳಕ್ಕೆ ನಿಂತಳು.

ಮೂರನೆಯ ಸಲ, ಬಂದವರಿಗೇ ಹೂಂ ಕಲಿಸೋಣ ಎಂದು ನೋಡಿದೆವು. ಅದನ್ನು ಏನು ಹೇಳಲಿ? ಅವರು ಯಾವುದನ್ನೂ ಅರೆಬರೆ ಮಾಡುವ ಜನ ಅಲ್ಲ. ನಾನು “ಒಂದೂರಿನಲ್ಲಿ” ಎಂದು ಉಸಿರು ತೆಗೆದುಕೊಂಡರೆ ಎಲ್ಲರೂ ಒಟ್ಟಿಗೆ, ಮಿಲ್ಲಿನ ಸೈರನ್ನಿನ ಹಾಗೆ, “ಹೂಂ!” ಬೀದಿಯ ನಾಯಿಗಳು ಮೇಡು ಹತ್ತಿ ಬಂದವು. ಕಣ್ಣಮ್ಮ ಟೀ ಅಂಗಡಿ ಬಿಟ್ಟು, ಯಾರಿಗೋ ಏನೋ ಆಯಿತು ಎಂದು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಮಣಿಗಾರನಿಗೆ ಆ ದಿನ ಮದುವೆಯೇ ಆಗಲಿಲ್ಲ.

ಸರವಣಕುಮಾರ್ ಹೇಳಿ ಕಳಿಸಿದ್ದಾನೆ: ಮುಂದಿನ ಹಡಗಿಗೆ ಒಂದೋ ಪಾಟಿ ಸುಮ್ಮನೆ ಕೂರಲಿ, ಇಲ್ಲವೇ ಸರಿಯಾದ ಹೂಂಗುಟ್ಟುವವರನ್ನು ಪಾಟಿಯೇ ಕರೆದುಕೊಂಡು ಬರಲಿ. ನಾನು ಗೋಕಿಲಾಳಿಗೆ ನಿನ್ನ ಹೆಸರು ಕೊಟ್ಟುಬಿಟ್ಟೆ.

ಅವಳಿಗೆ ನಿನ್ನ ವಿಷಯ ಗೊತ್ತು. “ಪಾಟಿ, ಅವರಿಗೆ ಮಾತು ಇಲ್ವಲ್ಲ. ಹೂಂ ಹೇಗೆ ಅಂತಾರೆ?” ಎಂದು ಕೇಳಿದಳು. ನಾನು ಕೇಳಿದೆ, “ಅಮ್ಮಿಣಿ, ನೀನು ಎರಡು ಮಗ್ಗ ಒಟ್ಟಿಗೆ ನಡೀವಾಗ ಮಧ್ಯೆ ನಿಂತಿದ್ದೀಯಾ?” ಇಲ್ಲ ಅಂದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಅಪ್ಪನ ಮನೆಯಲ್ಲಿ ನಿನ್ನ ಮಗ್ಗದ ಗುಳಿ ಆ ಗೋಡೆಗೆ, ನನ್ನ ಗುಳಿ ಈ ಗೋಡೆಗೆ. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು. ನಾನು ಕಿರುಚಿ ಕಥೆ ಹೇಳುತ್ತಿದ್ದೆ, ನೀನು ಹೂಂಗುಟ್ಟುತ್ತಿದ್ದೆ. ಆ ಹೂಂ ನನ್ನ ಕಿವಿಗೆ ಯಾವತ್ತಾದರೂ ಬಿದ್ದಿದೆಯಾ? ಇಲ್ಲವೇ ಇಲ್ಲ. ನಾನು ನೋಡುತ್ತಿದ್ದದ್ದು ನಿನ್ನ ಗಲ್ಲ. ಗಲ್ಲ ಮೇಲೆ ಹೋದರೆ ‘ಆಮೇಲೆ?’ ಕೆಳಗೆ ಬಂದರೆ ‘ಪಾಪ.’ ಒಂದು ಹುಬ್ಬು ಎದ್ದರೆ ‘ಸುಳ್ಳು ಹೇಳ್ತಾ ಇದ್ದೀ ಅಕ್ಕಾ.’ ಆ ಹುಬ್ಬಿಗೆ ಹೆದರಿ ನಾನು ಎಷ್ಟು ರಾಕ್ಷಸರನ್ನು ಗಿಡ್ಡ ಮಾಡಿದ್ದೇನೆ! ಡಾಕ್ಟರು ತೆಗೆದದ್ದು ಗಂಟಲಿನೊಳಗಿನದನ್ನು. ಗಲ್ಲವನ್ನೂ ಹುಬ್ಬನ್ನೂ ಮುಟ್ಟಿಲ್ಲವಲ್ಲ?

ಉಸಿರಾಡಲು ಡಾಕ್ಟರು ಕತ್ತಿನಲ್ಲಿ ಮಾಡಿದ ತೂತನ್ನು ಯಾರೂ ನೋಡಬಾರದು ಎಂದು ನೀನು ಹೊರಗೆ ಬರುವುದಿಲ್ಲ ಎಂದು ತೆನ್ಮೊಳಿ ಅಳುತ್ತಾ ಹೇಳಿದಳು. ನಾನು ಒಂದು ಮಾತು ಹೇಳಲಾ? ಇವರು ಸೂರಿಲ್ಲದ ಮಂಟಪ, ತಲೆಯಿಲ್ಲದ ನಂದಿ, ಮೂಗಿಲ್ಲದ ಅಮ್ಮನವರನ್ನು ನೋಡಲು ಸಮುದ್ರ ದಾಟಿ ಬರುವವರು. ನೆಟ್ಟಗಿರುವುದನ್ನು ಕಂಡರೆ ತಿರುಗಿಯೂ ನೋಡುವುದಿಲ್ಲ. ನಮ್ಮ ಊರಿನ ಹೊಸ ಕಲ್ಯಾಣಮಂಟಪ ತೋರಿಸಿದರೆ ಆಕಳಿಸಿದರು. ನನ್ನ ಮುರಿದ ಕನ್ನಡಕವನ್ನೇ ಇಬ್ಬರು ಫೋಟೋ ತೆಗೆದುಕೊಂಡರು. ನಿನ್ನನ್ನೂ ನನ್ನನ್ನೂ ಒಟ್ಟಿಗೆ ನೋಡಿದರೆ ಸರ್ಕಾರಕ್ಕೆ ಬರೆದು ತಂತಿಬೇಲಿ ಹಾಕಿಸಿಯಾರು, ಅಷ್ಟೇ ನನ್ನ ಭಯ. ಬೇಕಾದರೆ ನಾನು ನೇಯ್ದ ಹತ್ತಿಯ ಶಾಲು ಸುತ್ತಿಕೋ. ಅಂಚು ನೀಲಿ, ಉಸಿರು ಕಟ್ಟದ ಹಾಗೆ ತೆಳ್ಳಗೆ ತೆಗೆದಿದ್ದೇನೆ. ಈ ಕಾಗದದ ಜೊತೆಯೇ ಇದೆ.

ದಂಡಪಾಣಿ ಕೊಚ್ಚಿಗೆ ಹೋಗುವ ಮುಂಚಿನ ದಿನ ಸಿಂಗಾನಲ್ಲೂರಿಗೆ ವ್ಯಾನು ತಂದು ನಿನ್ನನ್ನು ಕರೆದುಕೊಂಡು ಬಂದು ಇಲ್ಲಿ ಬಿಡುತ್ತಾನೆ. ಎಮ್ಮೆಯ ಕಥೆ ಕೇಳಬೇಡ, ಕೇಳಿದರೆ ಪಲ್ಲಡಂ ದಾಟಿದರೂ ಮುಗಿಸುವುದಿಲ್ಲ. ಆ ಕೆಂಪು ಟೋಪಿಯವಳಿಗಾಗಿ ಎಮ್ಮೆಯನ್ನು ಮಾರದೆ ಇಟ್ಟುಕೊಂಡಿದ್ದಾನಂತೆ, ಅವಳು ಅದಕ್ಕೊಂದು ಹೆಸರಿಟ್ಟು ಹೋಗಿದ್ದಾಳೆ. ನಿನ್ನ ಭಾವ ನಿನಗೆ ಎಂದು ಅಟ್ಟದಿಂದ ನಿನ್ನ ಹಳೆಯ ಮಣೆ ಇಳಿಸಿ ಒರೆಸಿಟ್ಟಿದ್ದಾರೆ. “ಅವಳು ಬಂದ್ರೆ ನಿನ್ನ ಕಥೆ ಕೇಳೋ ಕೆಲಸ ನನಗೆ ತಪ್ಪುತ್ತೆ” ಅನ್ನುತ್ತಾರೆ.

ತೆನ್ಮೊಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಉಸಿರು ಸಲೀಸಾಗಿ ಓಡಲಿ. ಬಿಸಿ ಅನ್ನ ನುಂಗುವಷ್ಟು ಗಂಟಲು ಗಟ್ಟಿಯಾಗಲಿ. ಚೌಡೇಶ್ವರಿ ನಿನ್ನನ್ನು ನನಗಿಂತ ಒಂದು ದಿನವಾದರೂ ಹೆಚ್ಚು ಇಟ್ಟಿರಲಿ, ಯಾಕೆಂದರೆ ನೀನಿಲ್ಲದ ಊರಿನಲ್ಲಿ ನನಗೆ ಬಾಯಿ ಇದ್ದು ಪ್ರಯೋಜನ ಇಲ್ಲ.

ಇಂತಿ ನಿನ್ನ ಅಕ್ಕ,
ಪಂಕಜಂ

ಮರೆತು ಬಿಟ್ಟದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹಡಗಿನವರು ಬಂದರೂ ಒಂದೇ, ಬಿಟ್ಟರೂ ಒಂದೇ. ಆಪರೇಷನ್ನಿನ ಬೆಳಿಗ್ಗೆ ಹಸಿರು ಅಂಗಿ ಹಾಕಿಕೊಂಡು ಮಲಗಿದ್ದ ನೀನು, “ಅಕ್ಕಾ, ಭಯ ಆಗ್ತಾ ಇದೆ, ಏನಾದ್ರೂ ಹೇಳು” ಅಂದೆ. ನಾನು ಬಾವಿಗೆ ಇಳಿದ ಸೊಸೆಯ ಕಥೆ ಶುರು ಮಾಡಿದೆ. ಅತ್ತೆ ಬಿಸಾಕಿದ ಚಿನ್ನದ ಸೂಜಿ ಹುಡುಕಿಕೊಂಡು ಅವಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ನೀರಿನೊಳಗೆ ಒಂದು ಬಾಗಿಲು ಕಂಡಿತು, ಅಗುಳಿಯ ಮೇಲೆ ಕೈಯಿಟ್ಟಳು ಎಂದೆ. ನೀನು “ಹೂಂ” ಅಂದೆ. ಆಗ ತಳ್ಳುಮಂಚ ಬಂತು. ನಿನ್ನ ಗಂಟಲಿನಿಂದ ಈ ಲೋಕಕ್ಕೆ ಬಂದ ಕೊನೆಯ ಸದ್ದು ಅದೇ. ಮಗಳ ಹೆಸರಲ್ಲ, ದೇವರ ಹೆಸರಲ್ಲ, ನನ್ನ ಕಥೆಗೆ ಒಂದು ಹೂಂ. ಆ ಕಥೆಯ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಗೋಕಿಲಾ ಕೇಳಿದರೂ ಮಣಿಗಾರನನ್ನೇ ಕೊಟ್ಟೆ. ಆಡಿ ಮಾಸದಿಂದ ಆ ಸೊಸೆ ಕುತ್ತಿಗೆಯವರೆಗೆ ನೀರಿನಲ್ಲಿ, ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ ಚಂದ್ರಾ. ನೀನು ಹೂಂ ಅಂದಾಗಿದೆ, ಹೇಳಬೇಕಾದವಳು ನಾನು. ಬಾ, ಎದುರಿಗೆ ಕೂತುಕೋ. ಪಾಪದವಳು, ಬಾಗಿಲು ತೆಗೆದು ಒಳಗೆ ಹೋಗಲಿ.